ನಾಲ್ಕು ಸೇತುವೆ, ಎರಡು ಸೈಕಲ್ಲು

ಸೈಕಲ್ಲು ಬಡವನ ಕುದುರೆ ಎಂಬ ಮಾತು ನಮ್ಮ ತಂದೆಯವರ ಕಾಲದ್ದು. ನನ್ನ ಕಾಲಕ್ಕೆ ಅದು ವೈದ್ಯರು ಬರೆದುಕೊಡುವ ಔಷಧವಾಯಿತು. ಕುಳಿತು ಪಾಠ ಹೇಳುವ, ಕುಳಿತು ಉತ್ತರಪತ್ರಿಕೆ ತಿದ್ದುವ, ಕುಳಿತೇ ದೇಶದ ಭವಿಷ್ಯವನ್ನು ಚಿಂತಿಸುವ ಅಧ್ಯಾಪಕ ವರ್ಗಕ್ಕೆ ಸೊಂಟದ ಸುತ್ತಳತೆ ಬೆಳೆಯುವುದು ಸಹಜ. ವೈದ್ಯರು ಸೈಕಲ್ಲು ತುಳಿಯಿರಿ ಎಂದರು. ನಾನು ಒಂದನ್ನು ಕೊಂಡೆ. ಅದು ಆರು ತಿಂಗಳು ನಮ್ಮ ಮನೆಯ ಜಗುಲಿಯ ಮೇಲೆ ಒದ್ದೆ ಬಟ್ಟೆಗಳನ್ನು ಹೊತ್ತು ನಿಂತಿತು. ಔಷಧವನ್ನು ತಂದಿಟ್ಟುಕೊಂಡರೇ ಅರ್ಧ ರೋಗ ಹೋಯಿತೆಂದು ನಂಬುವವರಲ್ಲಿ ನಾನೂ ಒಬ್ಬ.

ಅದನ್ನು ಜಗುಲಿಯಿಂದ ಕೆಳಗಿಳಿಸಿದ ಕೀರ್ತಿ ನನ್ನ ಹನ್ನೆರಡು ವರ್ಷದ ಮಗನಿಗೆ ಸಲ್ಲಬೇಕು. ಒಂದು ಸಂಜೆ ಅವನು ಮೊಬೈಲಿನಲ್ಲಿ ಜಪಾನಿನ ಒಂದು ದೃಶ್ಯಾವಳಿಯನ್ನು ತೋರಿಸಿದ. ಒನೊಮಿಚಿ ಎಂಬ ಊರಿನಿಂದ ಇಮಬಾರಿ ಎಂಬ ಊರಿನವರೆಗೆ ಸುಮಾರು ಎಪ್ಪತ್ತು ಕಿಲೋಮೀಟರಿನ ಸೈಕಲ್ ದಾರಿ. ನಡುವೆ ಆರು ದ್ವೀಪಗಳು. ದ್ವೀಪದಿಂದ ದ್ವೀಪಕ್ಕೆ ಮುಗಿಲಿನಲ್ಲಿ ತೂಗುಹಾಕಿದಂತಹ ಸೇತುವೆಗಳು. ಕೊನೆಯ ಸೇತುವೆಯೊಂದೇ ನಾಲ್ಕು ಕಿಲೋಮೀಟರಿಗಿಂತ ಉದ್ದ. ದಾರಿ ತಪ್ಪದಿರಲೆಂದು ರಸ್ತೆಯ ಅಂಚಿಗೆ ನೀಲಿ ಗೆರೆ ಬೇರೆ! ಕೆಳಗೆ ಹಸಿರು ಕಡಲು, ಮೇಲೆ ಸೈಕಲ್ಲು, ಸೈಕಲ್ಲಿನ ಮೇಲೆ ನಗುನಗುತ್ತಾ ಸಾಗುವ ಜನ. 1999ರಲ್ಲಿ ಪೂರ್ಣಗೊಂಡ ಈ ಹಾದಿಗೆ ಈಗ ಲೋಕದ ನಾನಾ ಕಡೆಗಳಿಂದ ಸವಾರರು ಬರುತ್ತಾರಂತೆ.

‘ಅಪ್ಪಾ, ನಮ್ಮಲ್ಲಿ ಹಿಂಗಾದು ಅದ ಏನು?’ ಎಂದು ಮಗ ಕೇಳಿದ.

ನಮ್ಮದು ಸೇಡಂ. ಸುತ್ತ ಎಲ್ಲಿ ನೋಡಿದರೂ ಕರಿಮಣ್ಣು, ತೊಗರಿ, ಸುಣ್ಣದ ಕಲ್ಲು, ಸಿಮೆಂಟು ಕಾರ್ಖಾನೆಗಳ ಹೊಗೆಗೊಳವೆ. ಕಡಲು ಇಲ್ಲಿಂದ ನೂರಾರು ಮೈಲಿ. ಆದರೆ ಮಗನ ಎದುರು ‘ಇಲ್ಲ’ ಎನ್ನುವುದು ತಂದೆಯಾದವನಿಗೆ ಕಷ್ಟ, ಕನ್ನಡ ಎಂ.ಎ. ಮಾಡಿದ ತಂದೆಗಂತೂ ಇನ್ನೂ ಕಷ್ಟ. ‘ಅದ’ ಎಂದುಬಿಟ್ಟೆ. ಬಾಯಿಂದ ಬಿದ್ದ ಮಾತು, ಬಿಲ್ಲಿನಿಂದ ಬಿಟ್ಟ ಬಾಣ. ಡಿಸೆಂಬರಿನ ಒಂದು ಶನಿವಾರ ನಸುಕಿನಲ್ಲಿ ಎರಡು ಸೈಕಲ್ಲುಗಳು ನಮ್ಮ ಮನೆಯಿಂದ ಹೊರಟವು. ನಮ್ಮಾಕೆ ಜೋಳದ ರೊಟ್ಟಿ, ಶೇಂಗಾದ ಹಿಂಡಿ ಕಟ್ಟಿಕೊಟ್ಟು, ‘ದ್ವೀಪ ಸಿಕ್ಕರ ಫೋನ್ ಮಾಡ್ರಿ’ ಎಂದು ಬೀಳ್ಕೊಟ್ಟಳು. ಆ ಮಾತಿನಲ್ಲಿ ವ್ಯಂಗ್ಯವಿತ್ತೇ ಎಂದು ನಾನು ವಿಚಾರಿಸಲಿಲ್ಲ.

ನಾನು ಸುಳ್ಳನ್ನು ಹೇಳಿದ್ದೆನೇ? ಪೂರ್ತಿ ಸುಳ್ಳಲ್ಲ. ಸೇಡಮಿನ ಮಗ್ಗುಲಲ್ಲಿ ಕಮಲಾವತಿ ಹರಿಯುತ್ತಾಳೆ. ಚಿಂಚೋಳಿಯ ಕಡೆಯಿಂದ ಮುಲ್ಲಾಮಾರಿ ಬರುತ್ತಾಳೆ. ಕಾಳಗಿಯ ಕಡೆಯಿಂದ ಬೆಣ್ಣೆತೊರೆ. ಇವರೆಲ್ಲರನ್ನೂ ಕೂಡಿಸಿಕೊಂಡು ಕಾಗಿಣಾ ನದಿ ಮಳಖೇಡ, ಶಹಾಬಾದುಗಳ ಹಾದಿಯಲ್ಲಿ ಹೋಗಿ ಹೊನಗುಂಟಿಯ ಬಳಿ ಭೀಮೆಯನ್ನು ಸೇರುತ್ತಾಳೆ. ಬೇಸಗೆಯಲ್ಲಿ ಈ ಹೆಣ್ಣುಮಕ್ಕಳು ಇದ್ದಾರೋ ಇಲ್ಲವೋ ಎನ್ನುವಷ್ಟು ಸೌಮ್ಯ. ಮಳೆಗಾಲದಲ್ಲಿ ಒಂದು ರಾತ್ರಿ ಸಾಕು, ಊರೂರುಗಳೇ ನಡುಗಡ್ಡೆಗಳಾಗುತ್ತವೆ. ಜಪಾನಿನಲ್ಲಿ ದ್ವೀಪಗಳು ಸ್ಥಿರ. ನಮ್ಮಲ್ಲಿ ಅವು ಶ್ರಾವಣದಲ್ಲಿ ಹುಟ್ಟಿ ದೀಪಾವಳಿಯ ಹೊತ್ತಿಗೆ ಕರಗುತ್ತವೆ. ವ್ಯತ್ಯಾಸ ಇಷ್ಟೇ ಎಂದು ನಾನು ಮಗನಿಗೆ ವಿವರಿಸಿದೆ. ಅವನು ನನ್ನನ್ನು ನೋಡಿದ ರೀತಿ, ಪರೀಕ್ಷೆಯಲ್ಲಿ ಪ್ರಶ್ನೆಗೆ ಬದಲು ತನಗೆ ಬಂದದ್ದನ್ನು ಬರೆದ ವಿದ್ಯಾರ್ಥಿಯನ್ನು ನಾನು ನೋಡುವ ರೀತಿಯದೇ ಆಗಿತ್ತು.

ಹದಿನೆಂಟು ಕಿಲೋಮೀಟರಿನಷ್ಟು ತುಳಿದು ಮಳಖೇಡವನ್ನು ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಇದು ಹಿಂದೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಇಲ್ಲಿಂದ ಆಳಿದ. ಅವನ ಆಸ್ಥಾನದ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವೇ ಇಂದು ನಮಗೆ ಉಳಿದುಬಂದಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. 972ರಲ್ಲಿ ಪರಮಾರರ ಸೀಯಕನು ಈ ನಗರವನ್ನು ಸೂರೆಗೊಂಡ. ಈಗ ನದಿಯ ದಂಡೆಯಲ್ಲಿ ಕೋಟೆಯ ಗೋಡೆ ಇದೆ, ಬುರುಜುಗಳಿವೆ, ಕೋಟೆಯೊಳಗೆ ಎಮ್ಮೆಗಳೂ ಇವೆ.

ಕೋಟೆಯ ಕಟ್ಟೆಯ ಮೇಲೆ ಕುಳಿತು ರೊಟ್ಟಿ ಬಿಚ್ಚಿದಾಗ ನನಗೊಂದು ವಿಚಾರ ಹೊಳೆಯಿತು. ‘ದ್ವೀಪ’ ಎಂಬ ಸಂಸ್ಕೃತ ಶಬ್ದವನ್ನು ಬಿಡಿಸಿದರೆ ‘ದ್ವಿ’ ಮತ್ತು ‘ಅಪ್’; ಎಂದರೆ ಎರಡು ಕಡೆ ನೀರುಳ್ಳದ್ದು. ನಾಲ್ಕೂ ಕಡೆ ನೀರಿರಬೇಕೆಂಬುದು ಭೂಗೋಳದ ಮೇಷ್ಟರ ಹಠ; ವೈಯಾಕರಣನಿಗೆ ಎರಡು ಕಡೆ ಸಾಕು. ಶ್ರೀವಿಜಯನು ಕನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ಹಿಡಿದದ್ದು ಎರಡು ನದಿಗಳನ್ನೇ — ಕಾವೇರಿ ಮತ್ತು ಗೋದಾವರಿ. ಹಾಗಾದರೆ ಕನ್ನಡ ನಾಡೇ ಒಂದು ದ್ವೀಪವಾಯಿತಲ್ಲ! ಹತ್ತು ವರ್ಷಗಳಿಂದ ಆ ಪದ್ಯವನ್ನು ಪಾಠ ಹೇಳುತ್ತಿದ್ದರೂ ಹೊಳೆಯದ ಮಾತು, ಹದಿನೆಂಟು ಕಿಲೋಮೀಟರು ಸೈಕಲ್ಲು ತುಳಿದೊಡನೆ ಹೊಳೆಯಿತು. ಅಧ್ಯಾಪಕರಿಗೆ ಸೈಕಲ್ ಸವಾರಿಯನ್ನು ಕಡ್ಡಾಯಗೊಳಿಸಬೇಕು.

ಮಗನಿಗೆ ಈ ಶೋಧನೆಯಿಂದ ಅಷ್ಟೇನೂ ಸಂತೋಷವಾಗಲಿಲ್ಲ. ಅವನು ಆಗಲೇ ಮಳಖೇಡದ ಸೇತುವೆಯ ಮೇಲೆ ನಿಂತು ಕೆಳಗೆ ನೋಡುತ್ತಿದ್ದ. ಕಲ್ಲುಗಳ ನಡುವೆ ಕಾಗಿಣಾ ತೆಳ್ಳಗೆ ಹರಿಯುತ್ತಿತ್ತು. ‘ಇಷ್ಟೇನಾ ನದಿ?’ ಎಂದ. ದಂಡೆಯ ಜಾಲಿಯ ಮರವನ್ನು ತೋರಿಸಿದೆ. ಅದರ ಮೇಲ್ಕೊಂಬೆಯಲ್ಲಿ, ನಮ್ಮ ತಲೆಗಿಂತ ಎತ್ತರದಲ್ಲಿ, ಒಣಗಿದ ಹುಲ್ಲು, ಚಿಂದಿ, ಹರಿದ ಚೀಲ ಸಿಕ್ಕಿಕೊಂಡು ತೂಗುತ್ತಿದ್ದವು. ‘ನೀರು ಅಲ್ಲಿತನಕ ಬಂದಿತ್ತು’ ಎಂದೆ. 2020ರ ಅಕ್ಟೋಬರಿನ ಮಳೆಯಲ್ಲಿ ಈ ಸೇತುವೆಯೇ ಕಾಣದಂತಾಗಿ ಸೇಡಂ–ಕಲಬುರಗಿ ರಸ್ತೆ ಕಡಿದುಹೋಗಿತ್ತು. ಹುಡುಗ ಮರವನ್ನು ನೋಡಿದ, ನದಿಯನ್ನು ನೋಡಿದ, ಆಮೇಲೆ ಏನೂ ಮಾತಾಡದೆ ಸೈಕಲ್ಲು ಹತ್ತಿದ. ನಾನು ಮೂರು ದಿನ ವಾದಿಸಿ ಸಾಧಿಸದ್ದನ್ನು ಆ ಚಿಂದಿ ಒಂದು ಕ್ಷಣದಲ್ಲಿ ಸಾಧಿಸಿತು.

ಅಲ್ಲಿಂದ ಹಳ್ಳಿಯ ದಾರಿಗಳನ್ನು ಹಿಡಿದು ದಂಡೋತಿಗೆ ಬಂದೆವು. ದಂಡೋತಿಯ ಸೇತುವೆ ನಮ್ಮ ಸೀಮೆಯ ವಾರ್ತಾಪತ್ರಿಕೆಗಳಿಗೆ ಚಿರಪರಿಚಿತ. ಪ್ರತಿ ಮಳೆಗಾಲದಲ್ಲಿಯೂ ‘ದಂಡೋತಿ ಸೇತುವೆ ಮುಳುಗಡೆ’ ಎಂಬ ತಲೆಬರಹವನ್ನು ಓದುವುದು ನಮಗೆ ಪಂಚಾಂಗ ಓದಿದಷ್ಟೇ ರೂಢಿಯಾಗಿದೆ. ತೊಗರಿಯ ಕಾಯಿ ಬಲಿತ ಕಾಲ. ಎರಡೂ ಬದಿಗೆ ಹೊಲಗಳು. ಸೇತುವೆಯ ತುದಿಯಲ್ಲಿ ಕುರಿ ಕಾಯುತ್ತಿದ್ದ ಮುದುಕರೊಬ್ಬರು ನಮ್ಮನ್ನು ನಿಲ್ಲಿಸಿ, ‘ಎಲ್ಲಿಗಿ ಹೊಂಟೀರಿ?’ ಎಂದು ಕೇಳಿದರು. ‘ಸುಮ್ಮನೆ ಸೇತುವೆ ನೋಡಾಕ’ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಸರ್ಕಾರದವರಾ?’ ಎಂದರು. ಅಲ್ಲ ಎಂದಾಗ ಅವರ ಮುಖದಲ್ಲಿ ಮೂಡಿದ ನಿರಾಶೆಯನ್ನು ನಾನು ಮರೆಯಲಾರೆ. ಸೇತುವೆಯನ್ನು ನೋಡುವುದಕ್ಕೆಂದೇ ಬರುವವರು ಸರ್ಕಾರದವರೇ ಆಗಿರಬೇಕು, ಬಂದರೆ ಏನನ್ನಾದರೂ ಮಾಡಬೇಕು ಎಂಬುದು ಅವರ ಲೆಕ್ಕ. ವಿಹಾರಕ್ಕೆ ಬಂದವರು ಅವರ ಲೆಕ್ಕಕ್ಕೆ ಸಿಗುವವರಲ್ಲ.

ಆ ರಾತ್ರಿ ಚಿತ್ತಾಪುರದ ನೆಂಟರ ಮನೆಯಲ್ಲಿ ತಂಗಿದೆವು. ಬೆಳಗ್ಗೆ ಎದ್ದು ಪಕ್ಕದ ನಾಗಾವಿಗೆ ಹೋಗದಿದ್ದರೆ ಕನ್ನಡದ ಅಧ್ಯಾಪಕನಿಗೆ ದೋಷ ತಟ್ಟುತ್ತದೆ. 1058ರ ಶಾಸನವೊಂದು ಅಲ್ಲಿನ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ಇನ್ನೂರಕ್ಕೂ ಮಿಕ್ಕಿ ವಿದ್ಯಾರ್ಥಿಗಳು. ವೇದಕ್ಕೂ ಶಾಸ್ತ್ರಕ್ಕೂ ಬೇರೆ ಬೇರೆ ಉಪಾಧ್ಯಾಯರು. ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಸಾವಿರ ವರ್ಷಗಳ ಹಿಂದೆ ಒಂದು ವಿದ್ಯಾಲಯಕ್ಕೆ ಆರು ಜನ ಗ್ರಂಥಪಾಲಕರು! ಈ ಮಾತನ್ನು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹೇಳಿದರೆ, ಅಲ್ಲಿರುವ ಒಬ್ಬರೇ ಗ್ರಂಥಪಾಲಕರು ಕಣ್ಣೀರಿಡುತ್ತಾರೆ.

ಚಿತ್ತಾಪುರದಿಂದ ವಾಡಿ. ಊರಿಗಿಂತ ಜಂಕ್ಷನ್ನು ದೊಡ್ಡದು. 1871ರ ಹೊತ್ತಿಗೆ ಮುಂಬಯಿಯ ಕಡೆಯ ರೈಲು ಈ ಮಾರ್ಗವಾಗಿ ರಾಯಚೂರನ್ನು ತಲಪಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ವಾಡಿಯನ್ನು ದಾಟಿ ಶಹಾಬಾದಿನ ಕಡೆಗೆ ತಿರುಗಿದರೆ ಲೋಕವೆಲ್ಲ ಕಲ್ಲಾಗುತ್ತದೆ. ಮನೆಯ ಗೋಡೆ ಕಲ್ಲು, ಮಾಡು ಕಲ್ಲು, ಹೊಲದ ಬೇಲಿಯೂ ನಿಲ್ಲಿಸಿದ ಕಲ್ಲಿನ ಹಲಗೆ. ಗಣಿಗಳಲ್ಲಿ ಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಏಳುತ್ತದೆ. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ನಿಮ್ಮ ಹಿತ್ತಿಲಿಗೆ, ಅಂಗಳಕ್ಕೆ ಹಾಸಿರುವ ಬೂದಿಬಣ್ಣದ ನುಣುಪು ಕಲ್ಲನ್ನು ಒಮ್ಮೆ ನೋಡಿಕೊಳ್ಳಿ. ಅದು ನಮ್ಮೂರಿನ ನೆಂಟನಾಗಿದ್ದರೂ ಇರಬಹುದು.

ಈ ಕಲ್ಲಿನ ಜನ್ಮವೃತ್ತಾಂತವನ್ನು ಮಗನಿಗೆ ಹೇಳಿದೆ. ಹತ್ತಾರು ಕೋಟಿ ವರ್ಷಗಳ ಹಿಂದೆ ಇಲ್ಲೊಂದು ಆಳವಲ್ಲದ ಕಡಲಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರದ ಮೇಲೆ ಪದರವಾಗಿ ಕುಳಿತು, ಒತ್ತಡಕ್ಕೆ ಸಿಕ್ಕು, ಕಲ್ಲಾಯಿತು. ಸಿಮೆಂಟು ಕಾರ್ಖಾನೆಗಳು ಅರೆಯುತ್ತಿರುವುದೂ ಆ ಕಡಲಿನ ತಳವನ್ನೇ. ಹುಡುಗ ಬ್ರೇಕು ಹಿಡಿದು ನಿಂತ. ‘ಹಂಗಾದರ ನಾವು ಈಗ ಸಮುದ್ರದ ಮ್ಯಾಲ ಸೈಕಲ್ ಹೊಡೀಲಿಕತ್ತೀವಿ?’ ಎಂದ. ಹೌದೆಂದೆ. ಅವನು ಅಮ್ಮನಿಗೆ ಫೋನು ಮಾಡಿ, ದ್ವೀಪ ಇನ್ನೂ ಸಿಕ್ಕಿಲ್ಲವೆಂದೂ, ಸಮುದ್ರ ಸಿಕ್ಕಿತೆಂದೂ ವರದಿ ಒಪ್ಪಿಸಿದ.

ವಾಡಿ ಶಹಾಬಾದುಗಳ ನಡುವೆ ಮತ್ತೆ ಕಾಗಿಣಾ ಅಡ್ಡ ಬಂದಿತು. ಅದು ನಮ್ಮ ಮೂರನೆಯ ಸೇತುವೆ. ಅದನ್ನು ದಾಟಿ ಒಂದು ಮರದ ನೆರಳಿನಲ್ಲಿ ಕುಳಿತಾಗ, ಮಗ ಮತ್ತೆ ಜಪಾನಿನ ಮಾತೆತ್ತಿದ. ಅವರು ಅಷ್ಟು ಹಣ ಸುರಿದು ಸೇತುವೆಗಳನ್ನು ಕಟ್ಟಿದ್ದು ಸೈಕಲ್ಲಿಗಾಗಿಯೇ ಎಂಬುದು ಅವನ ಪ್ರಶ್ನೆ. ನಾನು ಈ ಬಗ್ಗೆ ಓದಿಕೊಂಡಿದ್ದೆ. 1955ರ ಮೇ ತಿಂಗಳಲ್ಲಿ ಅದೇ ಒಳಗಡಲಿನಲ್ಲಿ, ಮಂಜು ಕವಿದಿದ್ದಾಗ, ‘ಶಿಯುನ್ ಮಾರು’ ಎಂಬ ಹಡಗು ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ಸತ್ತವರು 168 ಮಂದಿ. ಅವರಲ್ಲಿ ಬಹಳ ಮಂದಿ ಪ್ರವಾಸ ಹೊರಟಿದ್ದ ಶಾಲೆಯ ಮಕ್ಕಳು. ಆ ದುಃಖದಿಂದಲೇ, ಈ ಕಡಲಿಗೆ ಸೇತುವೆ ಬೇಕೇ ಬೇಕು ಎಂಬ ಕೂಗು ಬಲಗೊಂಡಿತು. ಇಂದು ಜನ ನಗುತ್ತಾ ಸವಾರಿ ಮಾಡುವ ದಾರಿಗೆ ಹಿಂದೆ ಅಳು ಇದೆ.

ಸೇತುವೆಯ ಚರಿತ್ರೆ ಎಲ್ಲೆಡೆಯೂ ಹೀಗೆಯೇ ಇರಬೇಕು. ನಮ್ಮ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು; ಅದರ ಹಿನ್ನೀರು ತುಮರಿಯ ಸುತ್ತಿನ ಜನರನ್ನು ಸಾಗರದಿಂದ ಬೇರ್ಪಡಿಸಿತು. ನಾಡಿಗೆಲ್ಲ ಬೆಳಕು ಕೊಟ್ಟವರು ಲಾಂಚಿಗಾಗಿ ಕಾದು ನಿಂತರು. ಸಿಗಂದೂರಿನ ಎರಡೂವರೆ ಕಿಲೋಮೀಟರಿಗೆ ಸಮೀಪದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ನಮಗೆ ಇನ್ನೂ ಹತ್ತಿರದ ಮಾತು ಬೇಕೆಂದರೆ, ಕೃಷ್ಣಾ ನದಿಯ ನಡುವಿನ ನೀಲಕಂಠರಾಯನಗಡ್ಡಿ ಇದೆ. 2014ರ ಮಳೆಗಾಲದಲ್ಲಿ ಅಲ್ಲಿಯ ಒಬ್ಬ ತುಂಬುಗರ್ಭಿಣಿ, ಹೆರಿಗೆಯ ಹೊತ್ತಿಗೆ ಆಸ್ಪತ್ರೆಯ ಸಮೀಪದಲ್ಲಿರಬೇಕೆಂದು, ಒಣ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದಳು. ನಾಡಿನ ಪತ್ರಿಕೆಗಳೆಲ್ಲ ಅವಳ ಧೈರ್ಯವನ್ನು ಕೊಂಡಾಡಿದವು. ಹೆಣ್ಣೊಬ್ಬಳಿಗೆ ಅಂತಹ ಧೈರ್ಯ ಬೇಕಾಗುವಂತೆ ಬಿಟ್ಟವರು ಯಾರು ಎಂಬುದು ಕೊಂಡಾಟದಲ್ಲಿ ಕರಗಿಹೋಗಬಾರದ ಪ್ರಶ್ನೆ.

ಇನ್ನು ನಾಲ್ಕನೆಯ ಸೇತುವೆ. ಅದರ ಹೆಸರನ್ನು ನಾನು ಬರೆಯುವುದಿಲ್ಲ; ಅದಕ್ಕೆ ಹೆಸರೂ ಇಲ್ಲ. ಮುಖ್ಯ ರಸ್ತೆಯಿಂದ ಒಳಗೆ, ನನ್ನ ಹುಟ್ಟೂರಿನ ದಡದಲ್ಲಿ, ಕಾಗಿಣೆಯ ಮೇಲಿರುವ ಒಂದು ಗಿಡ್ಡ ಸೇತುವೆ. ಕೈಹಿಡಿ ಇಲ್ಲ, ಬದಿಗೆ ಮೊಳಕಾಲೆತ್ತರದ ಕಲ್ಲುಗಳು ಮಾತ್ರ. ಹೊನಗುಂಟಿಯ ಸಂಗಮಕ್ಕೆ ಹೋಗಬೇಕೆಂಬುದು ನಮ್ಮ ಮೊದಲ ಸಂಕಲ್ಪವಾಗಿತ್ತು. ಆದರೆ ಕವಲುದಾರಿ ಬಂದಾಗ ನನ್ನ ಸೈಕಲ್ಲು ತಾನಾಗಿಯೇ ಎಂಬಂತೆ ಊರಿನ ಕಡೆಗೆ ಹೊರಳಿತು.

ನಮ್ಮ ಮನೆ ಇತ್ತಡದಲ್ಲಿ. ತಂದೆಯವರು ಮಾಸ್ತರಾಗಿದ್ದ ಶಾಲೆ ಅತ್ತಡದಲ್ಲಿ. ಇಪ್ಪತ್ತೆರಡು ವರ್ಷ ಅವರು ದಿನವೂ ಸೈಕಲ್ಲಿನ ಮೇಲೆ ಈ ಸೇತುವೆಯನ್ನು ದಾಟಿದರು. ನಾನು ಮೂರನೆಯ ತರಗತಿಯಲ್ಲಿದ್ದಾಗ, ಒಂದು ಶ್ರಾವಣದಲ್ಲಿ, ಅಜ್ಜಿ ಹಾಸಿಗೆ ಹಿಡಿದಿದ್ದಳು. ಆ ಬೆಳಗ್ಗೆ ಆಕಾಶ ತಿಳಿಯಾಗಿತ್ತು. ಸಂಜೆ ಬೇಗ ಬರುತ್ತೇನೆಂದು ತಂದೆ ಹೊರಟರು. ನಮ್ಮಲ್ಲಿ ಒಂದು ಹನಿಯೂ ಬೀಳಲಿಲ್ಲ. ಆದರೆ ಕಾಗಿಣೆಯ ಸ್ವಭಾವವೇ ಹಾಗೆ. ಮೇಲೆ ತಾಂಡೂರಿನ ಕಡೆಗೋ ಚಿಂಚೋಳಿಯ ಕಡೆಗೋ ಸುರಿದ ಮಳೆ ಗಂಟೆಗಳ ಅನಂತರ ನಮ್ಮ ಬಾಗಿಲಿಗೆ ಬರುತ್ತದೆ. ಸಂಜೆಯ ಹೊತ್ತಿಗೆ ಸೇತುವೆಯ ಮೇಲೆ ಆಳುದ್ದ ಕೆಂಪು ನೀರು.

ತಂದೆ ಆಚೆ ದಡದಲ್ಲಿ ನಿಂತಿದ್ದರು. ಬಿಳಿಯ ಅಂಗಿ ಒಂದು ಚುಕ್ಕೆಯಂತೆ ಕಾಣುತ್ತಿತ್ತು. ಕೂಗಿದರೆ ಕೇಳುವಂತಿರಲಿಲ್ಲ, ನೀರಿನ ಮೊರೆತ ಅಷ್ಟಿತ್ತು. ಕತ್ತಲಾಯಿತು. ಆಗ ಆಚೆ ದಡದಲ್ಲಿ ಒಂದು ದೀಪ ಹತ್ತಿತು. ಒಮ್ಮೆ ಉರಿಯುವುದು, ಒಮ್ಮೆ ಮಂಕಾಗುವುದು, ಮತ್ತೆ ಉರಿಯುವುದು. ಅವರ ಸೈಕಲ್ಲಿನ ಹಿಂದಿನ ಗಾಲಿಗೆ ಡೈನಮೊ ಇತ್ತು. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಪೆಡಲನ್ನು ಕೈಯಿಂದ ತಿರುಗಿಸುತ್ತಾ ಅವರು ದೀಪವನ್ನು ಉರಿಸುತ್ತಿದ್ದರು. ‘ನಾನು ಇಲ್ಲಿದ್ದೇನೆ’ ಎಂದು ತಾಯಿಗೆ ತಿಳಿಸಲು ಅವರಿಗೆ ಉಳಿದಿದ್ದ ಭಾಷೆ ಅದೊಂದೇ.

ಅಜ್ಜಿ ಆಗಾಗ ಕಣ್ಣು ತೆರೆದು, ‘ಬಂದನಾ?’ ಎಂದು ಕೇಳುತ್ತಿದ್ದಳು. ಅಮ್ಮ ನನ್ನನ್ನು ಅಂಗಳದ ತುದಿಗೆ ಕಳುಹಿಸುವಳು. ನಾನು ನೋಡಿ ಬಂದು, ‘ದೀಪ ಕಾಣ್ತದ’ ಎನ್ನುತ್ತಿದ್ದೆ. ಹಾಗೆ ಎಷ್ಟು ಸಲ ಹೋಗಿ ಬಂದೆನೋ ನೆನಪಿಲ್ಲ. ಬೆಳಗಿನ ಜಾವದಲ್ಲಿ ಅಜ್ಜಿ ತೀರಿಕೊಂಡಳು. ಆಗಲೂ ದೀಪ ಉರಿಯುತ್ತಿತ್ತು. ಅದನ್ನು ಇನ್ನು ಉರಿಸಬೇಕಾಗಿಲ್ಲವೆಂದು ಅವರಿಗೆ ಹೇಳುವ ದಾರಿ ನಮಗಿರಲಿಲ್ಲ. ನೀರು ಇಳಿದದ್ದು ಮೂರನೆಯ ದಿನ.

ತಂದೆಯವರು ಆ ವಿಷಯವನ್ನು ಮುಂದೆ ಎಂದೂ ಮಾತಾಡಲಿಲ್ಲ. ಆದರೆ ಅಂದಿನಿಂದ ಸೇತುವೆ ಬಂದಾಗಲೆಲ್ಲ ಸೈಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು ನಡೆದೇ ದಾಟುತ್ತಿದ್ದರು. ಮಳೆಗಾಲವಿರಲಿ, ನೀರೇ ಇಲ್ಲದ ಚೈತ್ರವಿರಲಿ. ಊರಿನ ಹುಡುಗರು, ‘ಮಾಸ್ತರಿಗಿ ಅಂಜಿಕಿ’ ಎಂದು ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಯಾಕೆಂದು ಕೇಳಬೇಕೆಂದು ನೂರು ಸಲ ಅಂದುಕೊಂಡೆ; ಕೇಳಲಿಲ್ಲ. ಈಗ ಕೇಳಲು ಅವರಿಲ್ಲ.

ನಾವು ಸೇತುವೆಯನ್ನು ಮುಟ್ಟಿದಾಗ ಹೊತ್ತು ಮುಳುಗಿತ್ತು. ನನಗೆ ತಿಳಿಯದಂತೆಯೇ ನಾನು ಸೈಕಲ್ಲಿನಿಂದ ಇಳಿದಿದ್ದೆ. ಮಗ ಇಳಿಯಲಿಲ್ಲ. ಅವನಿಗೆ ಈ ಕಥೆಯೊಂದೂ ತಿಳಿಯದು. ‘ಅಪ್ಪಾ, ದಣಿದ್ರೇನು?’ ಎಂದು ನಗುತ್ತಾ ಭರ್ರನೆ ಮುಂದೆ ಹೋದ. ನಾನು ನಡೆಯುತ್ತಾ ಬಂದೆ. ಕೆಳಗೆ ಸ್ವಲ್ಪವೇ ನೀರು, ಕಲ್ಲಿಗೆ ತಾಕಿ ಸದ್ದು ಮಾಡುತ್ತಿತ್ತು. ನಡೆದು ದಾಟಿದರೆ ಸೇತುವೆ ಎಷ್ಟು ಉದ್ದವಿದೆಯೆಂದು ತಿಳಿಯುತ್ತದೆ. ತುಳಿದು ದಾಟಿದರೆ ತಿಳಿಯುವುದಿಲ್ಲ. ತಂದೆಯವರು ಕಂಡುಕೊಂಡದ್ದು ಇದೇ ಇರಬಹುದೆ? ಆ ರಾತ್ರಿ ದಾಟಲಾಗದೆ ಉಳಿದ ನೂರಾರು ಹೆಜ್ಜೆಗಳನ್ನು ಅವರು ದಿನವೂ ಒಂದೊಂದಾಗಿ ದಾಟುತ್ತಿದ್ದರೇನೋ.

ನಡುಸೇತುವೆಗೆ ಬಂದಿದ್ದೆ. ಆಚೆ ದಡದಲ್ಲಿ ಮಗ ಸೈಕಲ್ಲು ತಿರುಗಿಸಿ ನಿಂತು, ಕತ್ತಲಾಯಿತೆಂದು ದೀಪ ಹಾಕಿದ. ಅದು ಬ್ಯಾಟರಿಯ ದೀಪ; ಗಾಲಿ ತಿರುಗಬೇಕಾಗಿಲ್ಲ, ಮಂಕಾಗುವುದೂ ಇಲ್ಲ. ನಾನು ಅಲ್ಲಿಯೇ ನಿಂತುಬಿಟ್ಟೆ. ‘ಯಾಕ ನಿಂತ್ರಿ? ದೀಪ ಕಾಣ್ತದಿಲ್ಲೋ?’ ಎಂದು ಅವನು ಕೂಗಿದ. ನೀರಿನ ಮೊರೆತವಿಲ್ಲದ್ದರಿಂದ ಮಾತು ಸ್ಪಷ್ಟವಾಗಿ ಕೇಳಿಸಿತು.

‘ಕಾಣ್ತದ’ ಎಂದೆ.

ಕಥೆಯನ್ನು ಅವನಿಗೆ ಹೇಳಿದ್ದು ಆ ರಾತ್ರಿ, ಊರಿನ ಮನೆಯ ಅಂಗಳದಲ್ಲಿ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಅಜ್ಜನ ಕೈ ನೋಯಲಿಲ್ಲೇನು?’ ಎಂದು ಕೇಳಿದ. ಮೂವತ್ತು ವರ್ಷಗಳಲ್ಲಿ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಬೆಳಗ್ಗೆ ಸೈಕಲ್ಲುಗಳನ್ನು ಸರಕಿನ ಆಟೋಕ್ಕೆ ಹೇರುವಾಗ ಅವನು ಇನ್ನೊಂದು ಪ್ರಶ್ನೆ ಕೇಳಿದ: ‘ಈ ಬ್ರಿಜ್ಜು ಇನ್ನಷ್ಟು ಎತ್ತರ ಕಟ್ಟಬಾರದಾ?’ ದಂಡೋತಿಯ ಮುದುಕರು ನಮ್ಮಿಂದ ನಿರೀಕ್ಷಿಸಿದ್ದ ಮಾತು ಇದೇ. ವ್ಯಾಕರಣದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಊರವರ ಸಹಿ ಹಾಕಿಸಿದ ಒಂದು ಮನವಿಯನ್ನು ಬರೆದುಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ಪ್ರಬಂಧ ಬರೆಯುವ ಕೈ ಅದನ್ನೂ ಬರೆಯಬಲ್ಲುದು.

ಚಿಂಚೋಳಿಯ ಕಾಡಿಗೆ ಮುಂದಿನ ಸವಾರಿ ಎಂದು ಮಗ ಈಗಾಗಲೇ ಗೊತ್ತು ಮಾಡಿದ್ದಾನೆ. ಜಪಾನಿನ ಮಾತನ್ನು ಅವನು ಮತ್ತೆ ಎತ್ತಿಲ್ಲ. ನನ್ನ ಸೈಕಲ್ಲಿನ ಮೇಲೆ ನಮ್ಮಾಕೆ ಒದ್ದೆ ಬಟ್ಟೆ ಹಾಕುವುದನ್ನೂ ನಿಲ್ಲಿಸಿದ್ದಾಳೆ.